ಬಾಗಿಲಲ್ಲಿ ನಿಂತವರ ಬೆನ್ನು

ವಾಕ್ಯಭಾಗ: ಮಾರ್ಕ 2:1–12, ವಿಮೋಚನಕಾಂಡ 4:10–16

ಕೂತ್ಕೊಳ್ಳಿ. ಇವತ್ತು ಯುವಜನರ ಆರಾಧನೆ, ಹಾಗಾಗಿ ಸ್ವಲ್ಪ ಮನಸ್ಸು ಬಿಚ್ಚಿ ಮಾತಾಡ್ತೀನಿ. ಕೆಲವು ಮಾತು ನಿಮಗಿಂತ ಮೊದಲು ನನಗೇ ಚುಚ್ಚುವಂಥದ್ದು. ಅದನ್ನೂ ಮುಚ್ಚಿಡದೆ ಹೇಳಿಬಿಡ್ತೀನಿ.

ಮಾರ್ಕನ ಸುವಾರ್ತೆ ಎರಡನೇ ಅಧ್ಯಾಯ ತೆಗೀರಿ. ಈ ಘಟನೆ ನಿಮಗೆಲ್ಲ ಬಾಯಿಪಾಠ. ಕಪೆರ್ನೌಮಿನ ಒಂದು ಮನೆ. ಯೇಸು ಸ್ವಾಮಿ ಒಳಗೆ ವಾಕ್ಯ ಹೇಳ್ತಿದ್ದಾರೆ. ಜನವೋ ಜನ, ಬಾಗಿಲ ಹತ್ತಿರ ಕೂಡ ಕಾಲಿಡಲು ಜಾಗವಿಲ್ಲ. ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬರ್ತಾರೆ. ಒಳಗೆ ಹೋಗೋಕೆ ಆಗಲ್ಲ. ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಅವನನ್ನು ಹಾಸಿಗೆ ಸಮೇತ ಕೆಳಗೆ ಇಳಿಸ್ತಾರೆ. ಆ ಕಾಲದ ಮನೆಗಳ ಚಾವಣಿ ತೊಲೆ, ಕಡ್ಡಿ, ಮಣ್ಣಿನದ್ದು. ಉತ್ತರ ಕರ್ನಾಟಕದ ಕಡೆ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಇದು ಥಟ್ಟನೆ ಕಣ್ಣಿಗೆ ಕಟ್ಟುತ್ತೆ. ಬೆಳಕಿಂಡಿಯನ್ನು ಒಂದು ಆಳು ಇಳಿಯುವಷ್ಟು ಅಗಲ ಮಾಡಿದರೆ ಕೆಳಗೆ ಕೂತವರ ತಲೆ ಮೇಲೆಲ್ಲ ಮಣ್ಣು!

ಈ ಭಾಗದ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೀನಿ. ಯಾವಾಗಲೂ ಆ ನಾಲ್ಕು ಜನರ ನಂಬಿಕೆ ಬಗ್ಗೆ. ಅದು ಸರಿಯೇ, ಯೇಸು ಸ್ವಾಮಿಯೂ ಅವರ ನಂಬಿಕೆಯನ್ನೇ ನೋಡಿದರು ಅಂತ ಬರೆದಿದೆ. ಆದರೆ ಇವತ್ತು ನಾವು ನೋಡಬೇಕಾದದ್ದು ಅವರನ್ನಲ್ಲ. ಬಾಗಿಲಲ್ಲಿ ನಿಂತಿದ್ದರಲ್ಲ, ಆ ಜನರನ್ನು.

ಅವರು ಕೆಟ್ಟವರಲ್ಲ. ವಿರೋಧಿಗಳೂ ಅಲ್ಲ. ತಪ್ಪು ಹುಡುಕಲು ಬಂದ ಶಾಸ್ತ್ರಿಗಳು ಒಳಗಡೆ ಕೂತಿದ್ದರು, ಅವರಿಗೆ ಜಾಗ ಸಿಕ್ಕಿತ್ತು. ಬಾಗಿಲಲ್ಲಿ ನಿಂತವರು ನಮ್ಮ ಹಾಗೆ ವಾಕ್ಯಕ್ಕೆ ಹಸಿದು ಬಂದವರು, ಕೆಲಸ ಬಿಟ್ಟು ಬಂದವರು. ಅವರ ಮುಖ ಯೇಸುವಿನ ಕಡೆಗಿತ್ತು, ಬೆನ್ನು ಬೀದಿಯ ಕಡೆಗಿತ್ತು. ಆ ಹಾಸಿಗೆಯನ್ನು ಯಾರೂ ತಳ್ಳಲಿಲ್ಲ, ಯಾರೂ ಬೈಯಲಿಲ್ಲ. ದಾರಿ ಬಿಡಲಿಲ್ಲ, ಅಷ್ಟೇ. ಒಂದು ಮನೆಯ ಸೂರು ಕಿತ್ತು ಹೋಗೋಕೆ ಅಷ್ಟು ಸಾಕಾಯಿತು.

ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರಿ ನಮ್ಮ ಸಭೆಗೆ ಬರ್ತಿದ್ದರು. ಜೊತೆಗೆ ಆರು ವರ್ಷದ ಮಗ. ಹೆಸರು ಹೇಳಲ್ಲ. ಇದನ್ನು ಹೇಳಬಹುದಾ ಅಂತ ಆಕೆಯನ್ನು ಕೇಳಿಯೇ ಹೇಳ್ತಿದ್ದೀನಿ. ಹುಡುಗನಿಗೆ ಆಟಿಸಂ. ಮಾತು ಬಹಳ ಕಡಿಮೆ. ಡ್ರಮ್ಸ್ ಶುರುವಾದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಕಿರುಚ್ತಿದ್ದ. ಸಂಡೇ ಸ್ಕೂಲಿನಲ್ಲಿ ಟೀಚರ್ ಕಥೆ ಹೇಳುವಾಗ ಎದ್ದು ಹೋಗಿ ಬಾಗಿಲ ಚಿಲಕ ಹಾಕೋದು, ತೆಗೆಯೋದು, ಮತ್ತೆ ಹಾಕೋದು. ಇಡೀ ಅರ್ಧ ಗಂಟೆ ಅದೇ. ಟೀಚರ್‌ಗಳು ಇಬ್ಬರು ಕಾಲೇಜು ಓದೋ ಹುಡುಗಿಯರು, ಮಕ್ಕಳು ಮೂವತ್ತು. ಒಂದು ಭಾನುವಾರ ಅವರಿಬ್ಬರೂ ನನ್ನ ಹತ್ತಿರ ಬಂದು ಅತ್ತರು. "ಅಂಕಲ್, ನಮ್ಮ ಕೈಲಿ ಆಗ್ತಿಲ್ಲ."

ನಾನು ಏನು ಮಾಡಿದೆ? ಆರಾಧನೆ ಮುಗಿದ ಮೇಲೆ ಆ ತಾಯಿಯನ್ನು ಕರೆದೆ. ಮಗುವಿನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಆಮೇಲೆ, "ಅಕ್ಕಾ, ದೇವರು ಖಂಡಿತ ಸೌಖ್ಯ ಕೊಡ್ತಾರೆ. ಸ್ವಲ್ಪ ಸರಿಹೋಗೋವರೆಗೂ ಇವನನ್ನು ಸಂಡೇ ಸ್ಕೂಲಿಗೆ ಕಳಿಸಬೇಡಿ, ನಿಮ್ಮ ಜೊತೆಯಲ್ಲೇ ಇಟ್ಕೊಳ್ಳಿ" ಅಂದೆ. ಆಕೆ ತಲೆ ಆಡಿಸಿದರು. ನಾನು ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಪ್ರೀತಿಯಿಂದಲೇ ಹೇಳಿದ್ದೀನಿ ಅಂತ ನನ್ನ ಭಾವನೆ.

ಮುಂದಿನ ಎರಡು ವಾರ ಆಕೆ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಕೂತಿದ್ದರು. ಮೂರನೇ ವಾರ ಬರಲಿಲ್ಲ. ನಾನು ಮನೆಗೆ ಭೇಟಿಗೆ ಹೋಗಿದ್ದು ಎರಡು ತಿಂಗಳ ಮೇಲೆ. ಕಾಫಿ ಕೊಟ್ಟರು, ಮರ್ಯಾದೆಯಾಗಿ ಮಾತಾಡಿಸಿದರು. ಅದೇ ಬೇಸಿಗೆಯಲ್ಲಿ ಆಕೆ ಮಗನ ಅಡ್ಮಿಶನ್‌ಗೆ ಮೂರು ಶಾಲೆ ಸುತ್ತಿದ್ದರಂತೆ. ಮೂರೂ ಕಡೆ ನಯವಾದ ಉತ್ತರ: ನಮ್ಮಲ್ಲಿ ಫೆಸಿಲಿಟಿ ಇಲ್ಲ ಮೇಡಂ, ಥೆರಪಿ ಕೊಡಿಸಿ, ಸ್ವಲ್ಪ ಇಂಪ್ರೂವ್ ಆದಮೇಲೆ ಬನ್ನಿ. ಅದನ್ನು ಹೇಳಿ ಆಕೆ ಒಂದು ಮಾತು ಅಂದರು. "ಪಾಸ್ಟರ್, ಸ್ಕೂಲಿನವರು ಹೇಳಿದ್ದನ್ನೇ ನೀವೂ ಹೇಳಿದ್ರಿ. ಅವರು ಇಂಗ್ಲಿಷ್‌ನಲ್ಲಿ ಹೇಳಿದ್ರು. ನೀವು ಪ್ರಾರ್ಥನೆ ಮಾಡಿ ಹೇಳಿದ್ರಿ."

ಆಮೆನ್ ಅನ್ನಬೇಡಿ ಇದಕ್ಕೆ. ಸ್ವಲ್ಪ ಸುಮ್ಮನೆ ಇರಿ.

ಸರಿಹೋದ ಮೇಲೆ ಬಾ. ಇದೇ ನಮ್ಮ ಇವತ್ತಿನ ಪ್ರಶ್ನೆ. ಒಂದು ಮಗುವಿಗೆ ಬೆಂಚಿನಲ್ಲಿ ಜಾಗ ಸಿಗಬೇಕಾದರೆ ಅದು ಮೊದಲು ಬೇರೆ ಥರದ ಮಗು ಆಗಬೇಕಾ? ಅಥವಾ ಜಾಗ ಮೊದಲು, ಉಳಿದದ್ದೆಲ್ಲ ಆಮೇಲಾ?

ದೇಶದ ಕಾನೂನಿಗೆ ಈ ವಿಷಯದಲ್ಲಿ ಗೊಂದಲವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು ಅಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. ಹಿಂದಿನ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯವನ್ನು ಮಾತ್ರ ಹೆಸರಿಸಿದ್ದರು, ಇದರಲ್ಲಿ 21. ಆಟಿಸಂ, ಕಲಿಕಾ ನ್ಯೂನತೆ, ಮಸ್ಕ್ಯುಲರ್ ಡಿಸ್ಟ್ರೋಫಿ ಎಲ್ಲ ಈಗ ಸೇರಿವೆ. 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದೆ ಅಂತ ಸರ್ಟಿಫಿಕೇಟ್ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡ ಹೊಂದಿಸಬೇಕು, ಕಲಿಸುವ ರೀತಿ ಹೊಂದಿಸಬೇಕು. ಅಂದರೆ ಮಾಳಿಗೆ ಬಿಚ್ಚೋ ಕೆಲಸ ಹೊತ್ತು ತಂದವರದ್ದಲ್ಲ, ಮನೆಯವರದ್ದು ಅಂತ ಬರೆದಿಟ್ಟಿದ್ದಾರೆ.

ಬರೆದಿದೆ, ಸರಿ. ನಡೀತಿರೋದು ಏನು? 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ 2.68 ಕೋಟಿ ಜನ ವಿಕಲಚೇತನರು ಅಂತ ಲೆಕ್ಕ ಸಿಕ್ಕಿತು. ಆ ಲೆಕ್ಕದ ಆಧಾರದ ಮೇಲೆ 2019ರಲ್ಲಿ ಯುನೆಸ್ಕೊ ಭಾರತದ ಬಗ್ಗೆ ಒಂದು ವರದಿ ತಂದಿತು. ವೈಕಲ್ಯ ಇರುವ ಐದು ವರ್ಷದ ಮಕ್ಕಳಲ್ಲಿ ನಾಲ್ಕಕ್ಕೆ ಮೂರು ಭಾಗ ಯಾವ ಶಾಲೆಗೂ, ಅಂಗನವಾಡಿಗೂ ಹೋಗ್ತಿರಲಿಲ್ಲ. 5ರಿಂದ 19 ವಯಸ್ಸಿನವರಲ್ಲಿ ನಾಲ್ಕಕ್ಕೆ ಒಂದು ಭಾಗ ಹೊರಗೇ ಇದ್ದರು. ನಮ್ಮ ಮಕ್ಕಳಿಗೆ ಮೂರು ವರ್ಷಕ್ಕೆ ಪ್ಲೇ ಹೋಮ್ ಸೀಟಿಗೆ ಓಡಾಡ್ತೀವಲ್ಲ, ಅದೇ ಊರುಗಳಲ್ಲಿ.

ಯಾಕೆ ಹೀಗೆ? ದುಡ್ಡಿಲ್ಲ, ಟೀಚರ್ ಇಲ್ಲ, ಇಳಿಜಾರು ಇಲ್ಲ, ಎಲ್ಲ ನಿಜ. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ ಆ ಮನೆಯ ಬಾಗಿಲು ತಟ್ಟುತ್ತೆ. ಯೋಹಾನ 9ರಲ್ಲಿ ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಅದನ್ನೇ: ಪಾಪ ಮಾಡಿದ್ದು ಇವನಾ, ಇವನ ತಂದೆತಾಯಿಯಾ? ಅಕ್ಕಪಕ್ಕದವರು ಪೂರ್ವಜನ್ಮದ ಕರ್ಮ ಅಂತಾರೆ. ನಾವು ಹಾಗೆ ಹೇಳಲ್ಲ, ನಾವು ವಿಶ್ವಾಸಿಗಳು! ನಾವು ವಂಶದ ಶಾಪ ಅಂತೀವಿ. ಬಸುರಿಯಾಗಿದ್ದಾಗ ಎಲ್ಲಿಗೆ ಹೋಗಿದ್ದೆ, ಮನೆಯಲ್ಲಿ ಹಳೇ ವಿಗ್ರಹ ಏನಾದ್ರೂ ಉಳಿದಿದೆಯಾ, ಗಂಡನ ಕಡೆಯವರು ಯಾರಾದ್ರೂ ಮಾಟ ಮಾಡಿಸಿದ್ರಾ ಅಂತ ವಿಚಾರಣೆ ಮಾಡ್ತೀವಿ. ಪದ ಬೇರೆ, ಏಟು ಒಂದೇ. ಯೇಸು ಸ್ವಾಮಿ ಆ ಪ್ರಶ್ನೆಗೆ ಇವನೂ ಅಲ್ಲ, ಅವರೂ ಅಲ್ಲ ಅಂತ ಎರಡೂ ಕಡೆಯಿಂದ ಬಾಗಿಲು ಹಾಕಿಬಿಟ್ಟರು. ನಾವು ಕಿಟಕಿಯಿಂದ ಅದನ್ನು ಮತ್ತೆ ಒಳಗೆ ತರ್ತಿದ್ದೀವಿ. ಇಂಥ ಮಾತು ಕೇಳಿ ಕೇಳಿ ಎಷ್ಟೋ ತಾಯಂದಿರು ಮಗುವನ್ನು ಮನೆ ಹೊರಗೇ ತರಲ್ಲ. ಶಾಲೆಗೆ ಹೇಗೆ ತಂದಾರು?

ಈಗ ಕಷ್ಟದ ಭಾಗಕ್ಕೆ ಬರ್ತೀನಿ. ನಾನು ಪೆಂತೆಕೊಸ್ತ್ ಬೋಧಕ. ದೇವರು ಇವತ್ತಿಗೂ ಗುಣಪಡಿಸ್ತಾರೆ ಅಂತ ನಂಬ್ತೀನಿ, ನನ್ನ ಕಣ್ಣಾರೆ ನೋಡಿದ್ದೀನಿ. ಆ ಪಾರ್ಶ್ವವಾಯು ರೋಗಿ ಕೊನೆಗೆ ಹಾಸಿಗೆ ಎತ್ತಿಕೊಂಡು ಎಲ್ಲರ ಮುಂದೆ ನಡೆದುಹೋದ, ಅದರಲ್ಲಿ ಒಂದಕ್ಷರ ನಾನು ಬಿಡಲ್ಲ. ಆದರೆ ಆ ಕಥೆಯ ಕ್ರಮ ನೋಡಿ. ಅವನು ಒಳಗೆ ಬಂದಾಗ ನಡೀತಿರಲಿಲ್ಲ. ಮೊದಲು ಜಾಗ. ಆಮೇಲೆ ಯೇಸು ಸ್ವಾಮಿ ಅವನನ್ನು ಮಗನೇ ಅಂತ ಕರೆದು ಪಾಪಕ್ಷಮೆ ಕೊಟ್ಟರು, ಆಗಲೂ ಅವನು ಹಾಸಿಗೆಯಲ್ಲೇ ಇದ್ದ. ನಡೆದಿದ್ದು ಕೊನೆಗೆ. ಮಗ ಅನ್ನಿಸಿಕೊಳ್ಳೋಕೆ ಅವನು ನಡೆಯಬೇಕಾಗಿರಲಿಲ್ಲ.

ನಾವು ಈ ಕ್ರಮ ಉಲ್ಟಾ ಮಾಡಿದ್ದೀವಿ. ನಮ್ಮ ಸ್ವಸ್ಥತಾ ಕೂಟಗಳಲ್ಲಿ ಅಂಥ ಮಗುವಿಗೆ ಮುಂದಿನ ಸಾಲು. ವೇದಿಕೆಗೆ ಕರೆಸ್ತೀವಿ, ನಡೆಸಿ ನೋಡ್ತೀವಿ, ಎರಡು ಹೆಜ್ಜೆ ಇಟ್ಟರೆ ಮೈಕಿನಲ್ಲಿ ಕೂಗ್ತೀವಿ. ಮಗು ಬಿದ್ದರೆ ತಾಯಿಯ ನಂಬಿಕೆ ಕಡಿಮೆ ಅಂತೀವಿ. ಮುಂದಿನ ಭಾನುವಾರ ಅದೇ ಮಗುವಿಗೆ ಸಂಡೇ ಸ್ಕೂಲಿನಲ್ಲಿ ಜಾಗ ಇಲ್ಲ. ಅದ್ಭುತ ಆಗಬಹುದಾದ ದಿನ ಅವನು ಬೇಕು, ಮಾಮೂಲಿ ದಿನ ಬೇಡ. (ಇಲ್ಲಿ ಇನ್ನೊಂದು ಮಾತು, ಯಾರೂ ಬೇಸರ ಮಾಡ್ಕೋಬೇಡಿ. ಫಿಟ್ಸ್ ಬರುವ ಮಗುವಿನ ಮಾತ್ರೆಯನ್ನು ಯಾರ ಪ್ರವಾದನೆ ಕೇಳಿಯೂ ನಿಲ್ಲಿಸಬೇಡಿ. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ. ನಿಲ್ಲಿಸೋದನ್ನು ಡಾಕ್ಟರ್ ಹೇಳಲಿ.)

ಹಾಗಾದರೆ ಸೌಖ್ಯ ಸಿಗದಿದ್ದಾಗ ದೇವರು ಏನು ಮಾಡ್ತಾರೆ? ಮೋಶೆಯನ್ನು ನೋಡಿ. ವಿಮೋಚನಕಾಂಡ ನಾಲ್ಕು. ಉರಿಯುವ ಪೊದೆಯ ಮುಂದೆ ನಿಂತು ಮೋಶೆ ಹೇಳ್ತಾನೆ, ನನ್ನ ನಾಲಿಗೆ ತಡವರಿಸುತ್ತೆ, ನನಗೆ ಮಾತು ಬರಲ್ಲ. ದೇವರು ಹೇಳ್ತಾರೆ, ಬಾಯಿ ಕೊಟ್ಟವನು ಯಾರು, ಮೂಗನನ್ನೂ ಕಿವುಡನನ್ನೂ ಉಂಟುಮಾಡುವವನು ಯಾರು? ಕೋಲನ್ನು ಹಾವು ಮಾಡಿದ ದೇವರು. ಅದೇ ಅಧ್ಯಾಯದಲ್ಲಿ ಮೋಶೆಯ ಕೈಗೆ ತೊನ್ನು ಹತ್ತಿಸಿ ಕ್ಷಣದಲ್ಲಿ ವಾಸಿ ಮಾಡಿದ ದೇವರು. ನಾಲಿಗೆ ಸರಿಮಾಡೋದು ಅವರಿಗೆ ಎಷ್ಟರ ಮಾತು! ಮಾಡಲಿಲ್ಲ. ನಿನ್ನ ಬಾಯಿಗೆ ನಾನಿರ್ತೀನಿ ಅಂದರು. ಮೋಶೆ ಆಗಲೂ ಬೇರೆ ಯಾರನ್ನಾದರೂ ಕಳಿಸು ಅಂದ. ದೇವರಿಗೆ ಸಿಟ್ಟು ಬಂತು ಅಂತ ಬರೆದಿದೆ, ಅದನ್ನು ನಾನು ಮುಚ್ಚಿಡಲ್ಲ. ಆದರೆ ಆ ಸಿಟ್ಟಿನಲ್ಲೂ ದೇವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಆರೋನನನ್ನು ಜೊತೆಗೆ ಕೊಟ್ಟರು. ನೀನು ಅವನಿಗೆ ಹೇಳು, ಅವನು ಜನಕ್ಕೆ ಹೇಳ್ತಾನೆ, ಅವನೇ ನಿನಗೆ ಬಾಯಿ ಅಂತ. ಆರನೇ ಅಧ್ಯಾಯಕ್ಕೆ ಬನ್ನಿ, ಮೋಶೆ ಮತ್ತೆ ತನ್ನ ತುಟಿಗಳ ಬಗ್ಗೆ ಅದೇ ದೂರು ಹೇಳ್ತಿದ್ದಾನೆ. ಆದರೂ ಅವನು ಫರೋಹನ ಮುಂದೆ ನಿಂತ.

ಇದಕ್ಕೆ ಇವತ್ತಿನ ಶಾಲೆಯಲ್ಲಿ ಏನಂತಾರೆ ಗೊತ್ತಾ? ಪರೀಕ್ಷೆಯಲ್ಲಿ ಬರೆಯಲು ಕೈ ಬಾರದ ಮಗುವಿಗೆ ಸ್ಕ್ರೈಬ್ ಕೊಡ್ತಾರೆ. ತರಗತಿಯಲ್ಲಿ ಪಕ್ಕದಲ್ಲಿ ಕೂರೋಕೆ ಶ್ಯಾಡೋ ಟೀಚರ್ ಅಂತ ಇರ್ತಾರೆ. ಆರೋನ ಮಾಡಿದ್ದು ಅದೇ ಕೆಲಸ. ಲೂಕ 1ರಲ್ಲಿ ಜಕರೀಯನಿಗೆ ಮಾತು ನಿಂತುಹೋದಾಗ ಬಂಧುಗಳು ಸನ್ನೆ ಮಾಡಿ ಕೇಳಿದರು, ಅವನು ಬರೆಯುವ ಹಲಗೆ ಕೇಳಿ ಪಡೆದು ಮಗನ ಹೆಸರು ಬರೆದ. ಹೆಸರಿಡೋ ಸಮಾರಂಭವನ್ನು ಅವನಿಗೆ ಮಾತು ಬರೋವರೆಗೂ ಮುಂದಕ್ಕೆ ಹಾಕಲಿಲ್ಲ. ಹಲಗೆ ತಂದುಕೊಟ್ಟರು ಅಷ್ಟೇ.

ಸೌಖ್ಯ ಕೊಡೋದು ದೇವರ ಕೈಯಲ್ಲಿದೆ, ಅದು ಯಾವಾಗ ಅಂತ ನನಗೆ ಗೊತ್ತಿಲ್ಲ. ಹಲಗೆ ತಂದುಕೊಡೋದು ನನ್ನ ಕೈಯಲ್ಲಿದೆ. ನಾನು ಆ ತಾಯಿಗೆ ದೇವರ ಕೆಲಸದ ಬಗ್ಗೆ ಭರವಸೆ ಕೊಟ್ಟೆ, ನನ್ನ ಕೆಲಸದಿಂದ ತಪ್ಪಿಸಿಕೊಂಡೆ.

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ವಾದ ಮಾಡ್ತಿದ್ದೀರಿ, ನನಗೆ ಕಾಣ್ತಿದೆ. ಮೊನ್ನೆ ನಮ್ಮ ಸಭೆಯ ಒಬ್ಬ ತಮ್ಮ, ಹೊಸದಾಗಿ ತಂದೆಯಾದವನು, ನೇರವಾಗಿಯೇ ಕೇಳಿದ. "ಪಾಸ್ಟರ್, ಒಂದು ಮಗುವಿಗೋಸ್ಕರ ಉಳಿದ ಮೂವತ್ತು ಮಕ್ಕಳ ಪಾಠ ಹಾಳಾಗಬೇಕಾ? ಅವರಿಗೂ ಅನ್ಯಾಯ ಆಗಬಾರದಲ್ವಾ?" ಕೆಟ್ಟ ಪ್ರಶ್ನೆ ಅಲ್ಲ ಅದು. ಲೂಕ 15ರ ತೊಂಬತ್ತೊಂಬತ್ತು ಕುರಿಗಳು ಮಾತಾಡಿದರೆ ಇದನ್ನೇ ಕೇಳ್ತಿದ್ದವು. ನಮ್ಮನ್ನು ಕಾಡಿನಲ್ಲಿ ಬಿಟ್ಟು ಒಂದರ ಹಿಂದೆ ಹೋದನಲ್ಲ, ಇವನೆಂಥ ಕುರುಬ?

ನಾನು ಆ ತಮ್ಮನಿಗೆ ಕೊಟ್ಟ ಉತ್ತರ ಹೇಳ್ತೀನಿ. ಒಂದು ಕ್ಲಾಸಿನಿಂದ ಒಬ್ಬ ಹುಡುಗನನ್ನು, ಇವನಿಗೆ ಇಲ್ಲಿ ಆಗಲ್ಲ ಅಂತ ಕಳಿಸಿದಾಗ ಉಳಿದ ಮೂವತ್ತು ಮಕ್ಕಳು ಒಂದು ಪಾಠ ಕಲೀತಾರೆ. ಸಿಲಬಸ್‌ನಲ್ಲಿ ಇಲ್ಲದ ಪಾಠ. ನನ್ನ ಜಾಗವೂ ನಾನು ಚೆನ್ನಾಗಿ ಮಾಡೋವರೆಗೆ ಮಾತ್ರ ಅಂತ. ಕೆಳಗೆ ಬಿದ್ದರೆ ನನ್ನ ಬೆಂಚೂ ಖಾಲಿ ಮಾಡಿಸ್ತಾರೆ ಅಂತ. ಆ ಪಾಠ ಕಲಿತು ದೊಡ್ಡವರಾದವರು ನೀವು. ಅದು ಎಷ್ಟು ಭಾರ ಅಂತ ನಾನು ಹೇಳಬೇಕಾ? ಅಪ್ರೈಸಲ್ ತಿಂಗಳು ಬಂದರೆ ನಿದ್ದೆ ಬರಲ್ಲ ಪಾಸ್ಟರ್, ಲೇಆಫ್ ಲಿಸ್ಟ್ ಬರ್ತಿದೆ ಪ್ರಾರ್ಥನೆ ಮಾಡಿ ಅಂತ ನನಗೆ ರಾತ್ರಿ ಮೆಸೇಜ್ ಹಾಕೋರು ನೀವೇ. ತಪ್ಪಿಹೋದ ಒಂದು ಕುರಿಯನ್ನು ಕುರುಬ ಹೆಗಲ ಮೇಲೆ ಹೊತ್ತು ತಂದ ದಿನ ಉಳಿದ ತೊಂಬತ್ತೊಂಬತ್ತಕ್ಕೂ ಒಂದು ವಿಷಯ ಗೊತ್ತಾಯಿತು. ನಾಳೆ ನಾನು ತಪ್ಪಿಸಿಕೊಂಡರೆ ನನಗೂ ಇವನು ಬರ್ತಾನೆ.

ಹಾಗಂತ ಆ ತಮ್ಮನ ಮಾತಿನಲ್ಲಿ ನಿಜವೇ ಇಲ್ಲ ಅಂತ ನಾನು ಹೇಳಲ್ಲ. ಐವತ್ತು ಮಕ್ಕಳಿಗೆ ಒಬ್ಬರೇ ಟೀಚರ್, ತರಬೇತಿ ಇಲ್ಲ, ಸಹಾಯಕ್ಕೆ ಯಾರೂ ಇಲ್ಲ. ಅಲ್ಲಿ ಒಂದು ವಿಶೇಷ ಅಗತ್ಯದ ಮಗುವನ್ನು ತಂದು ಕೂರಿಸಿ ಸಮನ್ವಯ ಶಿಕ್ಷಣ ಅಂತ ಹೆಸರಿಟ್ಟರೆ ಅದು ಟೀಚರ್‌ಗೂ ಮೋಸ, ಮಗುವಿಗೂ ಮೋಸ. ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತೆ, ಮಗು ವರಾಂಡದಲ್ಲಿ ಇರುತ್ತೆ. ಅದಕ್ಕೇ 2021ರಲ್ಲಿ ಸುಪ್ರೀಂ ಕೋರ್ಟ್ ಅಂಥ ಮಕ್ಕಳ ಸಂಖ್ಯೆಗೆ ತಕ್ಕಷ್ಟು ವಿಶೇಷ ಶಿಕ್ಷಕರು ಬೇಕು ಅಂತ ಹೇಳಿತು. ಅವತ್ತು ನನ್ನ ಹತ್ತಿರ ಬಂದು ಅತ್ತ ಆ ಇಬ್ಬರು ಹುಡುಗಿಯರದ್ದೂ ತಪ್ಪಿರಲಿಲ್ಲ. ಅವರಿಗೆ ಮೂರನೆಯ ಒಬ್ಬರನ್ನು ಕೊಡಬೇಕಾಗಿತ್ತು. ನಾನು ಒಂದು ಮಗುವನ್ನು ಕಡಿಮೆ ಮಾಡಿಕೊಟ್ಟೆ.

ಎಲ್ಲ ಮಕ್ಕಳಿಗೂ ಒಂದೇ ಬಗೆಯ ಶಾಲೆ ಸರಿ ಅಂತಲೂ ನಾನು ವಾದ ಮಾಡಲ್ಲ. ಕಿವಿ ಕೇಳದ ಮಗು ಸನ್ನೆ ಭಾಷೆ ಗೊತ್ತಿರುವ ಒಬ್ಬರೂ ಇಲ್ಲದ ಕ್ಲಾಸಿನಲ್ಲಿ ಕೂತರೆ ಅದು ನಲವತ್ತು ಮಕ್ಕಳ ಮಧ್ಯೆ ಒಂಟಿ ಸೆರೆ. ಅಂಥ ಮಗುವಿಗೆ ತನ್ನ ಭಾಷೆ ಆಡುವ ಗೆಳೆಯರಿರುವ ಶಾಲೆಯೇ ಸುಖ ಇರಬಹುದು. ಕಾಯ್ದೆಯೂ ಆಯ್ಕೆಯನ್ನು ಮನೆಯವರಿಗೆ ಬಿಟ್ಟಿದೆ. ಆದರೆ ಆಯ್ಕೆ ಬೇರೆ, ಅಟ್ಟೋದು ಬೇರೆ. ಮೂರು ಶಾಲೆ ಬಾಗಿಲು ಹಾಕಿದ ಮೇಲೆ ನಾಲ್ಕನೆಯದಕ್ಕೆ ಹೋದ ತಾಯಿ ಏನನ್ನೂ ಆರಿಸಿಕೊಳ್ಳಲಿಲ್ಲ.

ಇನ್ನೊಂದು ಮಾತು ಯಾವಾಗಲೂ ಬರುತ್ತೆ. ಇದೆಲ್ಲ ಅಮೆರಿಕಾ, ಯೂರೋಪಿನವರಿಗೆ ಸರಿ, ನಮ್ಮದು ಬಡ ದೇಶ ಅಂತ. 1887ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ಎಂಬ ಮಿಷನರಿ ಸಹೋದರಿ ಕಣ್ಣು ಕಾಣದವರಿಗೆ ಶಾಲೆ ತೆಗೆದರು, ದೇಶದ ಮೊದಲ ಅಂಧರ ಶಾಲೆ ಅಂತ ಅದನ್ನು ಗುರುತಿಸ್ತಾರೆ. ಆಗ ನಮ್ಮ ದೇಶ ಇವತ್ತಿಗಿಂತ ಶ್ರೀಮಂತವಾಗಿತ್ತಾ? ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಗಿದ್ದು 1901ರಲ್ಲಿ. ಗದಗಿಗೆ ಹೋಗಿ ನೋಡಿ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಸ್ವತಃ ಅಂಧರು, ಕಣ್ಣಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಊಟ ಹಾಕಿ ಸಂಗೀತ ಕಲಿಸಿ ಕಳಿಸಿದರು. ಅವರ ಹತ್ತಿರ ಖಜಾನೆ ಇರಲಿಲ್ಲ, ಊರೂರು ಸುತ್ತಿ ನಾಟಕ ಆಡಿ, ಭಿಕ್ಷೆ ಎತ್ತಿ ನಡೆಸಿದರು. ಅವರು ನಮ್ಮ ನಂಬಿಕೆಯವರಲ್ಲ. ನನಗೆ ಅದನ್ನು ನೆನೆದಾಗ ಸಂತೋಷವೂ ಆಗುತ್ತೆ, ನಾಚಿಕೆಯೂ ಆಗುತ್ತೆ.

ನಾವು ಹಾಡೋ ಎಷ್ಟೋ ಕೀರ್ತನೆಗಳನ್ನು ಬರೆದ ಫ್ಯಾನಿ ಕ್ರಾಸ್ಬಿ ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು ಅಂತ ನಾವು ಸಾಕ್ಷಿಯಲ್ಲಿ ಹೇಳ್ತೀವಿ. 1835ರಲ್ಲಿ, ಇನ್ನೂ ಹದಿನೈದು ತುಂಬುವ ಮುಂಚೆ, ಆಕೆಗೆ ನ್ಯೂಯಾರ್ಕಿನ ಅಂಧರ ಶಾಲೆಯಲ್ಲಿ ಸೀಟು ಸಿಕ್ಕಿತು, ಮುಂದೆ ಅಲ್ಲೇ ಟೀಚರ್ ಆದರು ಅನ್ನೋದನ್ನು ಹೇಳಲ್ಲ. ಸಾಕ್ಷಿಯಲ್ಲಿ ಶಾಲೆಗೂ ಒಂದು ಪಾಲಿದೆ.

ಸರಿ, ದುಡ್ಡಿನ ವಿಷಯ. ಕೆಲವಕ್ಕೆ ದುಡ್ಡು ಬೇಕು: ವಿಶೇಷ ಶಿಕ್ಷಕರ ಸಂಬಳ, ಗಾಲಿಕುರ್ಚಿ, ಸ್ಪೀಚ್ ಥೆರಪಿ. ಅದಕ್ಕೆ ಸರ್ಕಾರವನ್ನು ಕೇಳಬೇಕು, ಕೇಳೋದು ವಿಶ್ವಾಸಕ್ಕೆ ವಿರುದ್ಧ ಅಲ್ಲ. ಆದರೆ ಕ್ಲಾಸನ್ನು ಮೊದಲ ಮಹಡಿಯಿಂದ ಕೆಳಗೆ ತರೋಕೆ ಎಷ್ಟು ದುಡ್ಡು? ಕಣ್ಣು ಮಂಜಾಗಿರೋ ಮಗುವನ್ನು ಮುಂದಿನ ಬೆಂಚಿಗೆ ಕೂರಿಸೋಕೆ? ಪ್ರಶ್ನೆಯನ್ನು ಎರಡು ಸಲ ನಿಧಾನಕ್ಕೆ ಹೇಳೋಕೆ? ಹೋದ ವರ್ಷ ನಾವು ವೇದಿಕೆ ಹಿಂದೆ ಈ ಎಲ್‌ಇಡಿ ವಾಲ್ ಹಾಕಿಸಿದೆವು. ದಶಮಾಂಶ ಕೊಟ್ಟವರು ನೀವು, ಎಷ್ಟಾಯಿತು ಅಂತ ನಿಮಗೆ ಗೊತ್ತು. ಹೊರಗೆ ಮೆಟ್ಟಿಲ ಪಕ್ಕ ಒಂದು ಇಳಿಜಾರು ಇಲ್ಲ. ಈ ಕಟ್ಟಡಕ್ಕೆ ನಾನು ಬಂದು ಹನ್ನೊಂದು ವರ್ಷ. ಗಾಲಿಕುರ್ಚಿಯಲ್ಲಿ ಒಬ್ಬರೂ ನಮ್ಮ ಆರಾಧನೆಗೆ ಬಂದಿಲ್ಲ. ನಮ್ಮ ಏರಿಯಾದಲ್ಲಿ ಅಂಥವರು ಯಾರೂ ಇಲ್ಲ ಅಂತ ನಾನು ಬಹಳ ದಿನ ಅಂದ್ಕೊಂಡಿದ್ದೆ.

ಆ ತಾಯಿ ಮತ್ತೆ ನಮ್ಮ ಸಭೆಗೆ ಬರಲಿಲ್ಲ. ನಾನು ಕ್ಷಮೆ ಕೇಳಿದೆ, ಆಕೆ ಕ್ಷಮಿಸಿದರು, ಆದರೂ ಬರಲಿಲ್ಲ. ಅದು ಆಕೆಯ ಹಕ್ಕು. ಈಗ ಬೇರೆ ಒಂದು ಸಣ್ಣ ಸಭೆಗೆ ಹೋಗ್ತಾರೆ, ಬಾಡಿಗೆ ಮನೆಯ ಹಾಲಿನಲ್ಲಿ ನಡೆಯೋ ಸಭೆ, ಡ್ರಮ್ಸ್ ಇಲ್ಲ. ಹುಡುಗ ಒಂದು ಸರ್ಕಾರಿ ಶಾಲೆಗೆ ಹೋಗ್ತಾನೆ. ಅಲ್ಲಿ ಒಬ್ಬ ಮೇಡಂ ಅವನನ್ನು ತಮ್ಮ ಮೇಜಿನ ಪಕ್ಕದಲ್ಲೇ ಕೂರಿಸಿಕೊಳ್ತಾರಂತೆ, ಗಲಾಟೆ ಜಾಸ್ತಿಯಾದಾಗ ಹೊರಗೆ ಹೋಗಿ ಗಿಡಕ್ಕೆ ನೀರು ಹಾಕಿ ಬರೋಕೆ ಬಿಡ್ತಾರಂತೆ. ಓದು ನಿಧಾನ, ಆದರೆ ಬಸ್ ನಂಬರ್ ಎಲ್ಲ ಓದ್ತಾನೆ. ಸಭೆಯಲ್ಲಿ ಅವನಿಗೊಂದು ಕೆಲಸ ಕೊಟ್ಟಿದ್ದಾರೆ ಅಂತ ಆಕೆ ಹೇಳಿದರು. ಆರಾಧನೆ ಶುರುವಾಗುವ ಮುಂಚೆ ಬಾಗಿಲ ಚಿಲಕ ತೆಗೆಯೋದು, ಎಲ್ಲರೂ ಹೋದಮೇಲೆ ಹಾಕೋದು. ಒಂದು ವಾರವೂ ತಪ್ಪಿಸಿಲ್ಲವಂತೆ.

ಪ್ರಾರ್ಥನೆಗೆ ಮುಂಚೆ ಎರಡು ವಿಷಯ ತಿಳಿಸಿಬಿಡ್ತೀನಿ. ಹಿರಿಯರ ಜೊತೆ ಕೂತು ಮಾತಾಡಿದ್ದೀವಿ. ಮುಂದಿನ ತಿಂಗಳಿಂದ ಸಂಡೇ ಸ್ಕೂಲ್ ಕೆಳಗಿನ ಹಾಲಿಗೆ ಬರುತ್ತೆ, ನಿಮ್ಮ ಯೂತ್ ಮೀಟಿಂಗ್ ಮೇಲಕ್ಕೆ ಹೋಗುತ್ತೆ. ಮೇಲೆ ಎಸಿ ಇಲ್ಲ, ಗೊತ್ತು. ಇಳಿಜಾರಿಗೆ ಮೇಸ್ತ್ರಿ ಗುರುವಾರ ಬಂದು ಅಳತೆ ತಗೊಳ್ತಾರೆ. ಸಂಡೇ ಸ್ಕೂಲಿನಲ್ಲಿ ಟೀಚರ್ ಪಕ್ಕದಲ್ಲಿ, ಒಂದೇ ಮಗುವಿನ ಜೊತೆ, ವರ್ಷಪೂರ್ತಿ ಕೂರೋಕೆ ಆರು ಜನ ಬೇಕು. ವರ್ಷಪೂರ್ತಿ ಅಂದೆ, ಎರಡು ವಾರ ಅಲ್ಲ. ಅದಕ್ಕೆ ತರಬೇತಿ ಕೊಡೋಕೆ ಒಬ್ಬ ವಿಶೇಷ ಶಿಕ್ಷಕಿ ಒಪ್ಪಿದ್ದಾರೆ, ಅವರು ವಿಶ್ವಾಸಿ ಅಲ್ಲ, ಮರ್ಯಾದೆಯಿಂದ ಕೇಳಿಸಿಕೊಳ್ಳಿ. ಹೆಸರು ಕೊಡೋರು ಆರಾಧನೆ ಆದಮೇಲೆ ಸೌಂಡ್ ಡೆಸ್ಕ್ ಹತ್ತಿರ ಬನ್ನಿ. ಡ್ರಮ್ಸ್ ತಮ್ಮಂದಿರು ನನ್ನನ್ನು ಒಂದು ನಿಮಿಷ ನೋಡಿ ಹೋಗಿ, ಸೌಂಡ್ ಬಗ್ಗೆ ಮಾತಾಡಬೇಕು.

ಎದ್ದು ನಿಲ್ಲೋಣ. ಪ್ರಾರ್ಥಿಸೋಣ.